ಎಲ್ಕ್ ಬೇಟೆಗೆ ಕುದುರೆ: ಹೇರು, ಹಗ್ಗ, ಮೇವು

ಅಮೆರಿಕದ ರಾಕಿ ಪರ್ವತಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುವಾಗ, ರಸ್ತೆ ಮುಗಿದ ಮೇಲಿನ ಕಾಡಿಗೆ ಅಲ್ಲಿನವರು ಇಂದಿಗೂ ಕುದುರೆ, ಹೇಸರಗತ್ತೆಗಳೊಂದಿಗೇ ಹೋಗುತ್ತಾರೆ ಎಂದು ಒಂದು ಸಾಲು ಸೇರಿಸಿದ್ದೆ. ಆ ಸಾಲಿನ ಬಗ್ಗೆ ಬಂದ ಪತ್ರಗಳಿಗೇ ಈ ಸಲದ ಅಂಕಣ ಮೀಸಲು. ಮೊಂಟಾನಾದ ಬೇಟೆ ಶಿಬಿರವೊಂದರಲ್ಲಿ ನಾಲ್ಕು ಶರತ್ಕಾಲ ಹೇರುಪ್ರಾಣಿಗಳ ಹಗ್ಗ ಹಿಡಿದು ನಡೆದಿದ್ದೇನೆ. ಉತ್ತರಗಳಲ್ಲಿ ಆ ಅನುಭವದ ಪಾಲೂ ಇದೆ.

ಪ್ರಶ್ನೆ: ನನ್ನ ಸಹೋದ್ಯೋಗಿಗಳು ಬೆನ್ನುಚೀಲ ಹೊತ್ತುಕೊಂಡೇ ಎಲ್ಕ್ ಬೇಟೆಗೆ ಹೋಗಿ ಬರುತ್ತಾರೆ. ಇಷ್ಟೆಲ್ಲ ವಾಹನಗಳಿರುವ ದೇಶದಲ್ಲಿ ಕುದುರೆಯ ಅಗತ್ಯವೇನು? ಇದು ಬರಿಯ ಹಳೆಯ ಕಾಲದ ಮೋಹವಲ್ಲವೇ? — ಡೆನ್ವರ್‌ನಿಂದ ಓದುಗರೊಬ್ಬರು

ಮೋಹವೂ ಸ್ವಲ್ಪ ಇದೆ, ಇಲ್ಲವೆನ್ನಲಾರೆ. ಆದರೆ ಮೊದಲ ಕಾರಣ ಕಾನೂನು. 1964ರ ವೈಲ್ಡರ್ನೆಸ್ ಕಾಯ್ದೆಯ ಪ್ರಕಾರ ವೈಲ್ಡರ್ನೆಸ್ ಎಂದು ಘೋಷಿತವಾದ ಕಾಡುಗಳೊಳಗೆ ಮೋಟಾರು ವಾಹನಗಳಿಗಷ್ಟೇ ಅಲ್ಲ, ಯಾವುದೇ ಯಾಂತ್ರಿಕ ಸಾಗಣೆಗೂ ಪ್ರವೇಶವಿಲ್ಲ. ಸೈಕಲ್ ಕೂಡ ಹೊರಗೇ ನಿಲ್ಲಬೇಕು. ಮೊಂಟಾನಾದ ಬಾಬ್ ಮಾರ್ಷಲ್, ಐಡಾಹೋದ ಫ್ರಾಂಕ್ ಚರ್ಚ್, ಕೊಲರಾಡೋದ ವೆಮಿನೂಚೆ ಮುಂತಾದ ಎಲ್ಕ್ ನಾಡುಗಳು ಈ ಕಾಯ್ದೆಯ ಅಡಿಯಲ್ಲೇ ಇವೆ. ಅಲ್ಲಿ ಮನುಷ್ಯನ ಕಾಲು ಅಥವಾ ಪ್ರಾಣಿಯ ಕಾಲು, ಇವೆರಡರಲ್ಲಿ ಒಂದನ್ನು ನಂಬಬೇಕು.

ಎರಡನೆಯ ಕಾರಣ ತೂಕ. ಎಲ್ಕ್ ಎಂಬುದು ಕಡವೆಯ ಹತ್ತಿರದ ಸಂಬಂಧಿ, ಆದರೆ ಸಾಮಾನ್ಯವಾಗಿ ಅದಕ್ಕಿಂತ ಭಾರ; ರಾಕಿ ಪರ್ವತಗಳ ಬೆಳೆದ ಗಂಡು ಸುಮಾರು 320 ಕಿಲೋ, ಹೆಣ್ಣು ಸುಮಾರು 225 ಕಿಲೋ ತೂಗುತ್ತದೆ. ಮೂಳೆ ಬಿಡಿಸಿದ ಮೇಲೂ ದೊಡ್ಡ ಗಂಡಿನಿಂದ 90ರಿಂದ 120 ಕಿಲೋ ಮಾಂಸ ಉಳಿಯುತ್ತದೆ. ಗಟ್ಟಿಮುಟ್ಟಾದ ಮನುಷ್ಯನೊಬ್ಬ ಒಂದು ಸಲಕ್ಕೆ 30 ಕಿಲೋ ಹೊತ್ತನೆಂದರೂ ನಾಲ್ಕು ಹೊರೆ ಆಯಿತು. ಪ್ರಾಣಿ ಬಿದ್ದ ಜಾಗ ವಾಹನದಿಂದ 8 ಕಿಲೋಮೀಟರ್ ದೂರವಿದ್ದರೆ ಹೊತ್ತು ಹೊರಬರುವ ನಾಲ್ಕು ನಡಿಗೆ, ಬರಿಗೈಯಲ್ಲಿ ಒಳಹೋಗುವ ಮೂರು ನಡಿಗೆ ಸೇರಿ 56 ಕಿಲೋಮೀಟರ್. ಅದೂ 3,000 ಮೀಟರ್ ಎತ್ತರದಲ್ಲಿ, ಬಿದ್ದ ಮರಗಳನ್ನು ದಾಟುತ್ತ. ಒಬ್ಬನಿಗೆ ಇದು ಮೂರು ದಿನದ ದುಡಿಮೆ. ಅಕ್ಟೋಬರ್ ಕೊನೆಯ ಚಳಿಯಲ್ಲಿ ಮಾಂಸ ಅಷ್ಟು ದಿನ ಕಾದೀತು, ಸೆಪ್ಟೆಂಬರ್‌ನ ಬಿಲ್ಲು ಬೇಟೆಯ ಬಿಸಿಲಿನಲ್ಲಿ ಕಾಯುವುದಿಲ್ಲ.

ನಿಮ್ಮ ಸಹೋದ್ಯೋಗಿಗಳು ರಸ್ತೆಯಿಂದ ಮೂರು ನಾಲ್ಕು ಕಿಲೋಮೀಟರ್ ಒಳಗೆ, ಮೂರು ನಾಲ್ಕು ಜನ ಒಟ್ಟಾಗಿ ಬೇಟೆಯಾಡುವವರಾಗಿದ್ದರೆ ಅವರ ಕ್ರಮವೇ ಸರಿ. ಅಷ್ಟು ದೂರಕ್ಕೆ ಕುದುರೆ ಒಯ್ಯುವುದು ಕೆಲಸ ಹೆಚ್ಚಿಸಿಕೊಂಡಂತೆ. ಬೇಟೆಗಾರನನ್ನು ಕಾಡಿನೊಳಕ್ಕೆ ಒಯ್ಯಲು ಕುದುರೆ ಬೇಕು ಎಂದು ಹಲವರು ತಿಳಿಯುತ್ತಾರೆ. ನನ್ನ ಮಟ್ಟಿಗೆ ಅದು ಬೇಕಾಗುವುದು ಮಾಂಸವನ್ನು ಹೊರಕ್ಕೆ ತರಲು. ಮುಂದಿನ ಉತ್ತರಗಳೆಲ್ಲ ಈ ಲೆಕ್ಕವನ್ನೇ ಆಧರಿಸಿವೆ.

ಪ್ರಶ್ನೆ: ನಾವು ಮೂವರು, ಏಳು ದಿನದ ಬೇಟೆ. ಎಷ್ಟು ಪ್ರಾಣಿಗಳು ಬೇಕು? ಪ್ರತಿಯೊಬ್ಬರಿಗೂ ಒಂದು ಸವಾರಿ ಕುದುರೆ, ಸಾಮಾನಿಗೆ ಒಂದು ಅಥವಾ ಎರಡು ಸಾಕೆಂದು ಸ್ನೇಹಿತರು ಹೇಳುತ್ತಾರೆ. — ಬಾಯ್ಸಿಯಿಂದ

ನಿಮ್ಮ ಸ್ನೇಹಿತರು ಕುದುರೆಗೂ ಹೊಟ್ಟೆ ಇದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿಲ್ಲ.

450ರಿಂದ 500 ಕಿಲೋ ತೂಕದ ಕುದುರೆಯ ಬೆನ್ನಿಗೆ ಅದರ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಭಾರ ಹೇರಬಾರದೆಂಬುದು ರೂಢಿಯ ಮಿತಿ. ಹೇರುತಡಿ, ಅದರ ಕೆಳಗಿನ ದಪ್ಪ ಮೆತ್ತೆ ಎಲ್ಲವನ್ನೂ ಕಳೆದರೆ ಸಾಮಾನಿಗೆ ಉಳಿಯುವುದು ಸುಮಾರು 68 ಕಿಲೋ, ಅಲ್ಲಿನ ಲೆಕ್ಕದಲ್ಲಿ 150 ಪೌಂಡ್. ಸವಾರ ಇದಕ್ಕಿಂತ ಹೆಚ್ಚು ತೂಗಿದರೂ ಕುದುರೆ ಹೊರುತ್ತದಲ್ಲ ಎಂದು ಕೇಳಬಹುದು. ಸವಾರ ಏರಿನಲ್ಲಿ ಮುಂದಕ್ಕೆ ಬಾಗುತ್ತಾನೆ, ಇಳಿಜಾರಿನಲ್ಲಿ ಕೆಳಗಿಳಿದು ನಡೆಯುತ್ತಾನೆ. ಹೇರು ಹಾಗಲ್ಲ, ಕಟ್ಟಿದ ಜಾಗದಲ್ಲೇ ದಿನವಿಡೀ ಸತ್ತಂತೆ ಕೂತಿರುತ್ತದೆ. ಅದಕ್ಕೇ ಹೇರುಪ್ರಾಣಿಗಳನ್ನು ನಡೆಸುವ ಪ್ಯಾಕರ್‌ಗಳು ಅದನ್ನು ಸತ್ತ ಭಾರ ಎನ್ನುತ್ತಾರೆ.

ಈಗ ಮೇವಿನ ಲೆಕ್ಕ. ಕೆಲಸ ಮಾಡುವ ಕುದುರೆ ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡರಷ್ಟು, ಅಂದರೆ 9ರಿಂದ 10 ಕಿಲೋ ಒಣ ಮೇವು ತಿನ್ನುತ್ತದೆ. ಏಳು ದಿನಕ್ಕೆ 65 ಕಿಲೋ ದಾಟಿತು. ಎಂದರೆ ಪೂರ್ತಿ ಮೇವನ್ನು ಮನೆಯಿಂದಲೇ ಒಯ್ದರೆ ಒಂದು ಹೇರುಕುದುರೆ ತನ್ನ ವಾರದ ಊಟವನ್ನು ಹೊರುವುದರಲ್ಲೇ ಮುಗಿಯುತ್ತದೆ. ನಿಮ್ಮ ಒಂದು ಕಂಬಳಿಗೂ ಅದರ ಬೆನ್ನಿನಲ್ಲಿ ಜಾಗವಿಲ್ಲ. ಆದ್ದರಿಂದ ಅರ್ಧದಷ್ಟನ್ನು ಕಾಡಿನ ಹುಲ್ಲಿನಿಂದ ತುಂಬಿಸಿಕೊಳ್ಳಲೇಬೇಕು. ದಿನಕ್ಕೆ ತಲಾ 4 ಕಿಲೋ ಗುಳಿಗೆ ಮೇವು ಒಯ್ಯುತ್ತೀರೆಂದು ಇಟ್ಟುಕೊಳ್ಳೋಣ. ಮೂರು ಸವಾರಿ ಕುದುರೆ, ಐದು ಹೇರುಪ್ರಾಣಿ ಸೇರಿ ಎಂಟು ಆದರೆ ವಾರದ ಮೇವು 224 ಕಿಲೋ. ಐದು ಬೆನ್ನುಗಳು ಒಟ್ಟು 340 ಕಿಲೋ ಹೊರುತ್ತವೆ. ಉಳಿದ 116 ಕಿಲೋದಲ್ಲಿ ಮೂವರ ಡೇರೆ, ಒಲೆ, ಹಾಸಿಗೆ, ಅಡುಗೆ ಸಾಮಾನು, ಊಟ ಎಲ್ಲವೂ ಹಿಡಿಸಬೇಕು. ಕೈ ಬಿಗಿ ಹಿಡಿದರೆ ಹಿಡಿಸುತ್ತದೆ. ಹಾಗಾಗಿ ನನ್ನ ಉತ್ತರ ಎಂಟು. ಅದರಲ್ಲೊಂದು ಕುಂಟಿದರೂ ನಿಮ್ಮಲ್ಲೊಬ್ಬರು ನಡೆಯಬೇಕು.

ಹಿಂತಿರುಗುವಾಗ ಮಾಂಸಕ್ಕೆ ಜಾಗವೆಲ್ಲಿ ಎನ್ನುವಿರಾ? ಮೇವು ಖಾಲಿಯಾದ ಬೆನ್ನುಗಳೇ ಜಾಗ. ಒಂದು ಎಲ್ಕ್‌ಗೆ ಎರಡು ಪ್ರಾಣಿಗಳು ಬೇಕು. ಆದರೆ ಬೇಟೆ ಮೊದಲ ದಿನವೇ ಸಿಕ್ಕರೆ ಮಾಂಸವನ್ನು ಕೊನೆಯವರೆಗೆ ಇಟ್ಟುಕೊಳ್ಳದೆ ಒಬ್ಬರು ಮಾರನೆಯ ದಿನವೇ ಅದನ್ನು ಹೊರಗೆ ತಲುಪಿಸಿ ಬರಬೇಕು.

ಮೇವಿನ ಬಗ್ಗೆ ಇನ್ನೆರಡು ಮಾತು. ಪಶ್ಚಿಮ ರಾಜ್ಯಗಳ ರಾಷ್ಟ್ರೀಯ ಅರಣ್ಯಗಳಲ್ಲಿ ಕಳೆಬೀಜವಿಲ್ಲವೆಂದು ಪ್ರಮಾಣೀಕರಿಸಿದ ಮೇವನ್ನಷ್ಟೇ ಒಯ್ಯಬೇಕೆಂಬ ನಿಯಮವಿದೆ. ನ್ಯಾಪ್‌ವೀಡ್‌ನಂಥ ಹೊರಗಿನ ಕಳೆಗಳು ಹುಲ್ಲಿನ ಪಿಂಡಿಯಲ್ಲೂ ಕುದುರೆಯ ಲದ್ದಿಯಲ್ಲೂ ಪ್ರಯಾಣ ಮಾಡಿ ಎಲ್ಕ್ ಮೇಯುವ ಹುಲ್ಲನ್ನೇ ಹೊಸಕಿಹಾಕುತ್ತವೆ. ಆದ್ದರಿಂದ ಹೊರಡುವ ಮೂರು ನಾಲ್ಕು ದಿನ ಮೊದಲೇ ಅದೇ ಮೇವನ್ನು ಹಾಕಲು ಆರಂಭಿಸುವುದು ಒಳ್ಳೆಯದು. ಗುಳಿಗೆ ಮೇವಿಗಾದರೆ ಹತ್ತು ದಿನವಾದರೂ ಮುಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಬೇಕು. ಮೇವು ಒಮ್ಮೆಲೇ ಬದಲಾದರೆ ಕುದುರೆಗೆ ಹೊಟ್ಟೆಶೂಲೆ ಬರುತ್ತದೆ, ವೈದ್ಯರಿಂದ ಒಂದು ದಿನದ ದಾರಿಯಲ್ಲಿ ಹೊಟ್ಟೆಶೂಲೆ ಎಂದರೆ ಸಾವಿನ ಮಾತು. ದಿನಕ್ಕೆ 30ರಿಂದ 45 ಲೀಟರ್ ನೀರನ್ನೂ ಕುದುರೆ ಕುಡಿಯಬೇಕು. ಚಳಿ ಬಿದ್ದಾಗ ಅದು ನೀರು ಕಡಿಮೆ ಮಾಡುತ್ತದೆ. ಹೊಳೆಯ ಬಳಿ ಅದು ತಲೆ ಎತ್ತಿದ ಕೂಡಲೇ ಎಳೆದುಕೊಂಡು ಹೊರಡಬೇಡಿ, ಎರಡನೆಯ ಸಲ ಬಾಗಿ ಕುಡಿಯುವವರೆಗೆ ನಿಲ್ಲಿ.

ಪ್ರಶ್ನೆ: ಕುದುರೆ ಒಳ್ಳೆಯದೋ ಹೇಸರಗತ್ತೆಯೋ? ಈಚೆಗೆ ಲಾಮಾ ಎಂಬ, ಒಂಟೆಯ ಸಂಬಂಧಿಯಾದ ಪ್ರಾಣಿಯ ಹೆಸರನ್ನೂ ಕೇಳುತ್ತಿದ್ದೇನೆ.

ಹೇರಿಗೆ ನನ್ನ ಮತ ಹೇಸರಗತ್ತೆಗೆ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವ ಈ ಪ್ರಾಣಿಗೆ 63 ವರ್ಣತಂತುಗಳು. ಕುದುರೆಯ 64, ಕತ್ತೆಯ 62ರಿಂದ ಬಂದ ಈ ವರ್ಣತಂತುಗಳು ಸರಿಯಾಗಿ ಜೋಡಿಯಾಗದಿರುವುದೇ ಅದರ ಬಂಜೆತನಕ್ಕೆ ಮುಖ್ಯ ಕಾರಣ. ಗೊರಸು ಕಿರಿದು, ಗಟ್ಟಿ. ಕಲ್ಲುದಾರಿಯಲ್ಲಿ ಕಾಲಿಡುವ ಜಾಗವನ್ನು ನೋಡಿ ನೋಡಿ ಇಡುತ್ತದೆ. ಅದನ್ನು ಮೊಂಡು ಎನ್ನುತ್ತಾರೆ. ನಾನು ಕಂಡಂತೆ ಅದು ತನಗೆ ಅಪಾಯವೆನಿಸಿದ ಕಡೆ ನಿಲ್ಲುತ್ತದೆ, ಅಷ್ಟೇ. ಸವಾರನ ಮಾತಿಗೆ ಕಟ್ಟುಬಿದ್ದು ಜವುಗು ನೆಲಕ್ಕೆ ನುಗ್ಗುವ ಕುದುರೆಗಿಂತ ಆ ಮೊಂಡುತನವೇ ಮೇಲು. ಅಮೆರಿಕದಲ್ಲಿ ಹೇಸರಗತ್ತೆಗಳ ತಳಿ ಬೆಳೆಸಲು ದಾರಿ ಹಾಕಿದವರಲ್ಲಿ ಜಾರ್ಜ್ ವಾಷಿಂಗ್ಟನ್ ಒಬ್ಬರು. 1785ರಲ್ಲಿ ಸ್ಪೇನ್ ರಾಜನಿಂದ ಅವರಿಗೆ ಬಂದ ಗಂಡು ಕತ್ತೆಗೆ ರಾಯಲ್ ಗಿಫ್ಟ್ ಎಂದೇ ಹೆಸರಾಗಿತ್ತು.

ಸವಾರಿಗೆ ಮಾತ್ರ ಕುದುರೆಯೇ ಇರಲಿ, ಅದರಲ್ಲೂ ಒಂದು ಹೆಣ್ಣು ಕುದುರೆ ಇರಲಿ. ಹೇಸರಗತ್ತೆಗಳು ಹೆಣ್ಣು ಕುದುರೆಯನ್ನು ಹಚ್ಚಿಕೊಂಡು ಅದು ಹೋದಲ್ಲಿಗೆ ಹೋಗುತ್ತವೆ. ಅದರ ಕೊರಳಿಗೊಂದು ಗಂಟೆ ಕಟ್ಟಿದರೆ ಕತ್ತಲಲ್ಲಿ ಇಡೀ ಹಿಂಡು ಎಲ್ಲಿದೆ ಎಂಬುದು ಮಲಗಿದ್ದಲ್ಲಿಯೇ ತಿಳಿಯುತ್ತದೆ.

ಲಾಮಾ ಹೊರುವುದು 25ರಿಂದ 35 ಕಿಲೋ. ತಿನ್ನುವುದೂ ಕುಡಿಯುವುದೂ ಕಡಿಮೆ, ಮೆತ್ತನೆಯ ಪಾದ ನೆಲವನ್ನು ಕೆದಕುವುದಿಲ್ಲ, ಹೊಸಬರು ಒಂದೆರಡು ದಿನದಲ್ಲಿ ಅದನ್ನು ನಡೆಸಲು ಕಲಿಯಬಹುದು. ಒಂದು ಗಂಡು ಎಲ್ಕ್‌ಗೆ ನಾಲ್ಕು ಲಾಮಾ ಬೇಕು, ನೀವು ನಡೆಯಬೇಕು. ನಡೆಯಲು ಸಿದ್ಧರಿರುವ, ಕುದುರೆಯ ಅನುಭವವಿಲ್ಲದವರಿಗೆ ಅದೇ ಸೂಕ್ತ. ಒಂದೇ ಎಚ್ಚರಿಕೆ: ಲಾಮಾ ಎಂದೂ ಕಾಣದ ಕುದುರೆಗಳು ಇಕ್ಕಟ್ಟಿನ ದಾರಿಯಲ್ಲಿ ಅದನ್ನು ಕಂಡರೆ ಹುಚ್ಚೆದ್ದು ಓಡುತ್ತವೆ, ದೂರದಲ್ಲೇ ದಾರಿ ಬಿಟ್ಟು ನಿಲ್ಲಿ.

ಪ್ರಶ್ನೆ: ಹೇರು ಕಟ್ಟುವುದನ್ನು ಪುಸ್ತಕ ನೋಡಿ ಕಲಿಯಬಹುದೇ? ಡೆಕ್ಕರ್, ಸಾಬಕ್ ಎಂಬ ಎರಡು ಬಗೆಯ ತಡಿಗಳಲ್ಲಿ ಯಾವುದನ್ನು ಕೊಳ್ಳಲಿ? — ಮಿಸ್ಸೌಲಾದಿಂದ

ಸಾಬಕ್ ಹಳೆಯದು. ಎರಡು ಹಲಗೆಗಳ ಮೇಲೆ ಗುಣಿಸು ಚಿಹ್ನೆಯಂತೆ ಅಡ್ಡಡ್ಡ ಸೇರಿಸಿದ ಎರಡು ಜೊತೆ ಮರದ ತುಂಡುಗಳು. ಪ್ಯಾನಿಯರ್ ಎಂಬ ಜೋಡಿ ಪೆಟ್ಟಿಗೆ ಅಥವಾ ಚೀಲಗಳ ಕುಣಿಕೆಯನ್ನು ಆ ಕೊಂಬುಗಳಿಗೆ ಸಿಕ್ಕಿಸಿದರೆ ಆಯಿತು. ಡೆಕ್ಕರ್‌ನಲ್ಲಿ ಮರದ ಬದಲು ಎರಡು ಕಬ್ಬಿಣದ ಬಳೆಗಳು, ಪಕ್ಕೆಗಳನ್ನು ಕಾಯಲು ಹಲಗೆ ಹೊಲಿದ ದಪ್ಪ ಕ್ಯಾನ್‌ವಾಸ್ ಹೊದಿಕೆ. ಸಾಮಾನನ್ನು ಕ್ಯಾನ್‌ವಾಸ್ ಬಟ್ಟೆಯಲ್ಲಿ ಮೂಟೆ ಸುತ್ತಿ, ಬಳೆಗೆ ಹಗ್ಗ ಹಾಕಿ ತೂಗುಬಿಡುತ್ತಾರೆ. ಉದ್ದನೆಯ ಡೇರೆ ಕೋಲು, ಎಲ್ಕ್‌ನ ಇಡೀ ತೊಡೆ ಮುಂತಾದ ಯಾವ ಆಕಾರದ ವಸ್ತುವನ್ನೂ ಹೀಗೆ ಕಟ್ಟಬಹುದು. ಹೊಸಬರು ಪ್ಯಾನಿಯರ್‌ನಿಂದಲೇ ಆರಂಭಿಸಿ. ಆದರೆ ಕೊಳ್ಳುವ ತಡಿ ಡೆಕ್ಕರ್ ಆಗಿರಲಿ, ಅದರ ಮೇಲೆ ಪ್ಯಾನಿಯರನ್ನೂ ತೂಗುಹಾಕಬಹುದು. ತಡಿಯ ಬಗೆಗಿಂತ ಅದರ ಹಲಗೆ ನಿಮ್ಮ ಪ್ರಾಣಿಯ ಬೆನ್ನಿಗೆ ಕೂರುತ್ತದೆಯೇ ಎಂಬುದು ಮುಖ್ಯ. ಒಂದು ದಿನದ ನಡಿಗೆಯ ನಂತರ ಮೆತ್ತೆ ತೆಗೆದು ನೋಡಿ: ಬೆವರಿನ ಗುರುತು ಒಂದೇ ಸಮನಾಗಿ ಹರಡಿದ್ದರೆ ಸರಿ, ನಡುವೆ ಅಂಗೈಯಗಲ ಒಣಗಿದ್ದರೆ ಅಲ್ಲಿ ಹಲಗೆ ಒತ್ತುತ್ತಿದೆ, ನಾಳೆ ನಾಡಿದ್ದು ಅಲ್ಲೇ ಹುಣ್ಣಾಗುತ್ತದೆ.

ಕಟ್ಟುವುದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎರಡೂ ಬದಿಯ ತೂಕ ಒಂದೇ ಇರುವುದು. ಗಂಟುಗಳ ಹೆಸರು ಬಾಯಿಪಾಠವಾದವರೂ ಇದರಲ್ಲಿ ಎಡವುತ್ತಾರೆ, ನಾನೂ ಎಡವಿದ್ದೇನೆ. ಮೊದಲ ವರ್ಷದ ಎರಡನೆಯ ದಿನ ಕೊಕ್ಕೆ ತಕ್ಕಡಿ ಎಲ್ಲೋ ಮೂಟೆಯೊಳಗೆ ಸೇರಿಹೋಗಿತ್ತು. ಎತ್ತಿ ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಒಂದು ಬದಿಗೆ ಎರಕದ ಬಾಣಲೆ ಮತ್ತು ಡಬ್ಬಿಗಳು, ಇನ್ನೊಂದು ಬದಿಗೆ ಆಲೂಗಡ್ಡೆ ಮತ್ತು ಮಲಗುವ ಚೀಲಗಳನ್ನು ತುಂಬಿ ಹೊರಟೆ. ವ್ಯತ್ಯಾಸ ಬಹುಶಃ ನಾಲ್ಕು ಕಿಲೋ ಇದ್ದೀತು. ಮೊದಲರ್ಧ ಗಂಟೆ ಏನೂ ಆಗಲಿಲ್ಲ. ಆಮೇಲೆ ತಡಿ ಬಲಕ್ಕೆ ವಾಲಿದ್ದು ಕಂಡಿತು, ಮುಂದಿನ ಅಗಲದ ಜಾಗದಲ್ಲಿ ಸರಿಮಾಡೋಣವೆಂದುಕೊಂಡೆ. ಆ ಜಾಗ ಬರುವ ಮೊದಲೇ ತಡಿ ಪಕ್ಕೆಗಿಳಿದು, ಹೊಟ್ಟೆಯ ಕೆಳಗೆ ಹೋಗಿ, ಬಾಣಲೆ ಕಾಲಿಗೆ ಬಡಿದ ಸದ್ದಿಗೆ ಆ ಬಡಪಾಯಿ ಕುದುರೆ ಒದೆಯುತ್ತ ಇಳಿಜಾರಿಗೆ ಧುಮುಕಿತು. ಕುದುರೆಗೆ ತರಚು ಗಾಯಗಳಷ್ಟೇ ಆದವು. ಆಲೂಗಡ್ಡೆಗಳನ್ನು ಮಾತ್ರ ನಾವು ಸಂಜೆಯವರೆಗೆ ಪೊದೆಗಳಲ್ಲಿ ಹುಡುಕಿದೆವು. ಅಂದಿನಿಂದ ತಕ್ಕಡಿ ನನ್ನ ಅಂಗಿಯ ಜೇಬಿನಲ್ಲಿರುತ್ತದೆ. ಒಂದು ಕಿಲೋಗಿಂತ ಹೆಚ್ಚು ವ್ಯತ್ಯಾಸ ಬಿಡುವುದಿಲ್ಲ, ದಾರಿಯಲ್ಲಿ ವಾಲಿದರೆ ಮುಂದಿನ ಜಾಗಕ್ಕೆ ಕಾಯದೆ ಅಲ್ಲೇ ನಿಂತು ಹಗುರಾದ ಬದಿಗೆ ಒಂದು ಕಲ್ಲು ತುಂಬುತ್ತೇನೆ. ಕಲ್ಲು ಹೊರಿಸುವುದು ನೋಡುವವರಿಗೆ ಹುಚ್ಚೆನಿಸಬಹುದು, ಹಳೆಯ ಪ್ಯಾಕರ್‌ಗಳೆಲ್ಲ ಮಾಡುವುದು ಅದನ್ನೇ.

ಉಳಿದದ್ದು ಸಂಕ್ಷೇಪವಾಗಿ ಹೇಳಬಹುದು. ಭಾರದ ವಸ್ತು ಕೆಳಗೆ, ಬೆನ್ನಿನ ಮೇಲಿನ ಹೊರೆ ತಗ್ಗಾಗಿ ಇರಲಿ. ಎದೆಪಟ್ಟಿ ಏರಿನಲ್ಲಿ ತಡಿ ಹಿಂಜಾರದಂತೆ, ತೊಡೆಯ ಹಿಂದಿನ ಪಟ್ಟಿ ಇಳಿಜಾರಿನಲ್ಲಿ ಮುಂದೆ ಜಾರದಂತೆ ಹಿಡಿಯುತ್ತವೆ, ಎರಡನ್ನೂ ಬಿಡುವಂತಿಲ್ಲ. ಹೊಟ್ಟೆಪಟ್ಟಿ ಬಿಗಿಯುವಾಗ ಕುದುರೆ ಉಸಿರು ಹಿಡಿದಿರುತ್ತದೆ. ಕಾಲು ಗಂಟೆ ನಡೆದ ಮೇಲೆ ನಿಂತು ಮತ್ತೊಮ್ಮೆ ಬಿಗಿಯಿರಿ. ಸಾಲಾಗಿ ನಡೆಸುವಾಗ ಹಿಂದಿನ ಪ್ರಾಣಿಯ ಹಗ್ಗವನ್ನು ಮುಂದಿನದರ ತಡಿಗೆ ನೇರವಾಗಿ ಕಟ್ಟಬಾರದು. ತಡಿಯ ಹಿಂಬದಿಯಲ್ಲಿ 6 ಮಿಲಿಮೀಟರಿನ ತೆಳು ಹಗ್ಗದ ಒಂದು ಕುಣಿಕೆ ಬಿಟ್ಟು ಅದಕ್ಕೆ ಕಟ್ಟುತ್ತಾರೆ, ಅದನ್ನು ಪಿಗ್‌ಟೇಲ್ ಎನ್ನುತ್ತಾರೆ. ಒಂದು ಪ್ರಾಣಿ ಕಮರಿಗೆ ಜಾರಿದರೆ ಆ ಕುಣಿಕೆ ಹರಿಯಬೇಕು. ಹರಿಯದಷ್ಟು ಗಟ್ಟಿ ಹಗ್ಗ ಹಾಕಿದವರು ಒಂದರ ಜೊತೆ ಇಡೀ ಸಾಲನ್ನೇ ಕಳೆದುಕೊಳ್ಳುತ್ತಾರೆ.

ಪುಸ್ತಕದಿಂದ ಗಂಟು ಕಲಿಯಬಹುದು, ಕೈಯಳತೆ ಕಲಿಯಲಾಗದು. ನೀವಿರುವ ಮಿಸ್ಸೌಲಾದ ಹತ್ತಿರದಲ್ಲೇ 1930ರಲ್ಲಿ ಅರಣ್ಯ ಸೇವೆ ಕಟ್ಟಿದ ನೈನ್‌ಮೈಲ್ ರಿಮೌಂಟ್ ಡಿಪೋ ಇದೆ. ಕಾಡ್ಗಿಚ್ಚು ಆರಿಸುವವರಿಗೆ ಸಾಮಾನು ಹೊರುವ ಹೇಸರಗತ್ತೆಗಳನ್ನು ಒಂದು ಕಾಲದಲ್ಲಿ ಅಲ್ಲಿಂದಲೇ ಕಳುಹಿಸುತ್ತಿದ್ದರು. ಮೊಂಟಾನಾದಲ್ಲೇ 1973ರಲ್ಲಿ ಹುಟ್ಟಿದ ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಸಂಘದ ಸ್ಥಳೀಯ ಶಾಖೆಗಳೂ ಇವೆ. ಅವರ ಜೊತೆ ದಾರಿ ದುರಸ್ತಿಗೆ ಎರಡು ಮೂರು ಸಲ ಹೋಗಿ ಬನ್ನಿ.

ಪ್ರಶ್ನೆ: ಕುದುರೆಯ ಮೇಲೆ ಕುಳಿತೇ ಗುಂಡು ಹಾರಿಸಬಹುದೇ?

ಬೇಡ. ಇಳಿಯಿರಿ, ಕುದುರೆಯನ್ನು ಗಟ್ಟಿಯಾಗಿ ಕಟ್ಟಿ, ದೂರ ನಡೆದು ಹೋಗಿ ಹಾರಿಸಿ. ಬಂದೂಕು ತಡಿಯ ಚರ್ಮದ ಒರೆಯಲ್ಲಿ ಇರುವಷ್ಟು ಹೊತ್ತೂ ಅದರ ಕೋಣೆಯಲ್ಲಿ ಗುಂಡು ಇರಬಾರದು, ಮತ್ತು ಇಳಿದ ತಕ್ಷಣ ಬಂದೂಕನ್ನು ಒರೆಯಿಂದ ತೆಗೆದುಕೊಳ್ಳಬೇಕು. ಕುದುರೆ ಬಿಡಿಸಿಕೊಂಡು ಓಡಿದರೆ ಬಂದೂಕೂ ಅದರ ಜೊತೆ ಓಡುತ್ತದೆ.

ಪ್ರಶ್ನೆ: ನನ್ನ ಬಳಿ ಕುದುರೆ ಇಲ್ಲ, ಸಾಕುವ ಉದ್ದೇಶವೂ ಇಲ್ಲ. ಬಾಡಿಗೆಗೆ ಪಡೆದು ವ್ಯೋಮಿಂಗ್‌ಗೆ ಒಯ್ಯಬಹುದೇ? — ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಿಂದ

ಮೊದಲು ವ್ಯೋಮಿಂಗ್‌ನ ನಿಯಮ ತಿಳಿದುಕೊಳ್ಳಿ. ಆ ರಾಜ್ಯದ ನಿವಾಸಿಯಲ್ಲದವರು ಅಲ್ಲಿನ ವೈಲ್ಡರ್ನೆಸ್ ಪ್ರದೇಶಗಳಲ್ಲಿ ಎಲ್ಕ್‌ನಂಥ ದೊಡ್ಡ ಪ್ರಾಣಿಗಳನ್ನು ಬೇಟೆಯಾಡಬೇಕಾದರೆ ಪರವಾನಗಿಯುಳ್ಳ ಮಾರ್ಗದರ್ಶಿಯಾಗಲಿ, ಅದಕ್ಕೆಂದೇ ಅನುಮತಿ ಪಡೆದ ಸ್ಥಳೀಯ ನಿವಾಸಿಯಾಗಲಿ ಜೊತೆಯಲ್ಲಿರಲೇಬೇಕು. ಅದೇ ಕಾಡಿನಲ್ಲಿ ಒಬ್ಬರೇ ಮೀನು ಹಿಡಿಯಲು, ನಡೆಯಲು ಯಾವ ಅಡ್ಡಿಯೂ ಇಲ್ಲದಿರುವಾಗ ಬೇಟೆಗೆ ಮಾತ್ರ ಈ ಕಟ್ಟು ಸುರಕ್ಷತೆಗಾಗಿಯೋ ವ್ಯಾಪಾರಕ್ಕಾಗಿಯೋ ಎಂಬ ಜಗಳ ಅಲ್ಲಿ ಇದ್ದೇ ಇದೆ. ನನಗೂ ಎರಡನೆಯದರ ವಾಸನೆಯೇ ಹೆಚ್ಚು ಬಡಿಯುತ್ತದೆ. ಆದರೆ ನಿಯಮ ನಿಯಮವೇ.

ರಾಜ್ಯದ ಗಡಿ ದಾಟುವ ಕುದುರೆಗೆ ಕಾಗದಪತ್ರಗಳು ಬೇಕು: ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ, ಕಾಗಿನ್ಸ್ ಪರೀಕ್ಷೆಯ ಫಲಿತಾಂಶ, ಕೊಲರಾಡೋದಿಂದ ಹೊರಡುವಾಗ ಪ್ರಾಣಿಯ ಒಡೆತನ ಪರಿಶೀಲಿಸುವ ಬ್ರ್ಯಾಂಡ್ ಇನ್‌ಸ್ಪೆಕ್ಟರ್‌ನ ತಪಾಸಣೆ. ಕಾಗಿನ್ಸ್ ಪರೀಕ್ಷೆ ನೋಡುವುದು ಕಚ್ಚುವ ನೊಣಗಳಿಂದ ಹರಡುವ ಕುದುರೆಗಳ ರಕ್ತಹೀನತೆಯ ಸೋಂಕನ್ನು. ಅದಕ್ಕೆ ಮದ್ದಿಲ್ಲ, ಆದ್ದರಿಂದ ಯಾರೂ ಇದರಲ್ಲಿ ಸಡಿಲ ಬಿಡುವುದಿಲ್ಲ.

ನಿಮ್ಮ ಸ್ಥಿತಿಯಲ್ಲಿರುವವರಿಗೆ ನಾನು ಹೇಳುವುದು ಡ್ರಾಪ್ ಕ್ಯಾಂಪ್. ಔಟ್‌ಫಿಟರ್, ಅಂದರೆ ಬೇಟೆ ಪ್ರವಾಸಗಳನ್ನು ಏರ್ಪಡಿಸುವ ವ್ಯವಹಾರಸ್ಥ, ತನ್ನ ಪ್ರಾಣಿಗಳಲ್ಲಿ ನಿಮ್ಮನ್ನೂ ಸಾಮಾನನ್ನೂ ಒಳಗೆ ತಲುಪಿಸಿ ಹಿಂತಿರುಗುತ್ತಾನೆ, ಗೊತ್ತುಪಡಿಸಿದ ದಿನ ಅಥವಾ ಬೇಟೆ ಬಿದ್ದಿತೆಂಬ ಸುದ್ದಿ ಬಂದಾಗ ಬಂದು ಮಾಂಸ ಹೊರುತ್ತಾನೆ. ಪ್ರಾಣಿಗಳ ಮೇವು, ನೀರು, ಕಾವಲು ಯಾವುದೂ ನಿಮ್ಮ ತಲೆಗೆ ಬರುವುದಿಲ್ಲ. ಹೇರುಪ್ರಾಣಿಗಳೊಂದಿಗೆ ಬೇಟೆಗೆ ಹೋದವರ ದಿನದ ಬಹುಪಾಲು ಕಳೆಯುವುದು ಬೇಟೆಯಲ್ಲಲ್ಲ, ಪ್ರಾಣಿಗಳ ಚಾಕರಿಯಲ್ಲಿ. ಬೆಳಗಿನ ನಾಲ್ಕಕ್ಕೆ ಮೇವು, ರಾತ್ರಿ ಹತ್ತಕ್ಕೆ ನೀರು. ಅದು ಇಷ್ಟವಿಲ್ಲದವರು ಬಾಡಿಗೆ ಕುದುರೆಯನ್ನೂ ಕೇಳಬಾರದು. ಒಪ್ಪಂದಕ್ಕೆ ಮೊದಲು ಆ ವ್ಯಕ್ತಿಗೆ ಆ ಅರಣ್ಯದಲ್ಲಿ ಈ ವ್ಯವಹಾರ ನಡೆಸುವ ಅರಣ್ಯ ಸೇವೆಯ ಪರವಾನಗಿ ಇದೆಯೇ ಎಂದು ವಿಚಾರಿಸಿ, ಮತ್ತು ಬಿಸಿಲಿನ ದಿನ ಮಾಂಸ ಬಿದ್ದರೆ ಎಷ್ಟು ಗಂಟೆಯೊಳಗೆ ಬರುತ್ತೀರಿ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಆದರೂ ಬಾಡಿಗೆಗೇ ಪಡೆಯುವುದಾದರೆ ಬೇಸಗೆಯಲ್ಲೇ ಹೋಗಿ ಆ ಕುದುರೆಗಳ ಬೆನ್ನಿನ ಮೇಲೆ ಕೈಯಾಡಿಸಿ, ನಾಲ್ಕೂ ಲಾಳ ಎತ್ತಿ ನೋಡಿ, ಗುಡ್ಡದಲ್ಲಿ ಒಂದು ದಿನ ಸವಾರಿ ಮಾಡಿ. ಬೆನ್ನಿನಲ್ಲಿ ಬಿಳಿ ಕೂದಲಿನ ಮಚ್ಚೆಗಳಿದ್ದರೆ ಅವು ಹಳೆಯ ತಡಿಹುಣ್ಣಿನ ಗುರುತು.

ಪ್ರಶ್ನೆ: ರಾತ್ರಿ ಕುದುರೆಗಳು ಓಡಿಹೋಗದಂತೆ ಏನು ಮಾಡಬೇಕು? ಕಳೆದ ವರ್ಷ ನಮ್ಮ ನಾಲ್ಕೂ ಕುದುರೆಗಳು ಬೆಳಗ್ಗೆ ಇರಲಿಲ್ಲ, 14 ಕಿಲೋಮೀಟರ್ ನಡೆದು ಬಂದಾಗ ಟ್ರೇಲರ್ ಪಕ್ಕದಲ್ಲಿ ನಿಂತಿದ್ದವು. — ಐಡಾಹೋದಿಂದ

ಅವು ಓಡಿಹೋಗಿಲ್ಲ, ಮನೆಗೆ ಹೊರಟಿವೆ. ಬಿಟ್ಟ ಕುದುರೆ ಬಂದ ದಾರಿಯಲ್ಲೇ ಹಿಂತಿರುಗುತ್ತದೆ ಎಂಬುದನ್ನು ನಂಬಿ ಶಿಬಿರದ ಜಾಗ ಆರಿಸಬೇಕು. ಹುಲ್ಲುಗಾವಲು ಶಿಬಿರಕ್ಕಿಂತ ಒಳಗಡೆ, ಬಂದ ದಾರಿ ಶಿಬಿರದ ನಡುವೆ ಹಾದುಹೋಗುವಂತೆ ಇದ್ದರೆ ಮನೆಗೆ ಹೊರಟ ಕುದುರೆ ನಿಮ್ಮ ಡೇರೆಯ ಮುಂದೆಯೇ ಹಾಯಬೇಕಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಮೇಯಲು ಬಿಡಬೇಡಿ, ಒಂದು ಸವಾರಿ ಕುದುರೆ ಯಾವಾಗಲೂ ಕಟ್ಟಿಯೇ ಇರಲಿ. ಉಳಿದವನ್ನು ಅಟ್ಟಿಕೊಂಡು ಬರಲೂ ಅದು ಬೇಕು, ಅದು ಕೆನೆಯುವುದನ್ನು ಕೇಳಿ ಉಳಿದವೂ ದೂರ ಹೋಗುವುದಿಲ್ಲ. ಮುಂಗಾಲುಗಳಿಗೆ ಚರ್ಮದ ಕಾಲ್ಕಟ್ಟು ಹಾಕಿ ಮೇಯಲು ಬಿಡುತ್ತಾರಾದರೂ ಜಾಣ ಕುದುರೆಗಳು ಎರಡೂ ಕಾಲು ಜೋಡಿಸಿ ಮೊಲದಂತೆ ನೆಗೆದು ಮೈಲಿಗಟ್ಟಲೆ ಹೋಗಲು ಕಲಿತುಬಿಡುತ್ತವೆ.

ರಾತ್ರಿಗೆ ಹೈಲೈನ್ ಒಂದೇ ಗಟ್ಟಿ ಉಪಾಯ. ಎರಡು ದಪ್ಪ ಮರಗಳ ನಡುವೆ, ತಲೆಗಿಂತ ಎತ್ತರದಲ್ಲಿ ಹಗ್ಗ ಬಿಗಿದು, ಅದಕ್ಕೆ ಒಂದೊಂದು ಪ್ರಾಣಿಯನ್ನು ಅಂತರ ಬಿಟ್ಟು ಕಟ್ಟುತ್ತಾರೆ. ಮೂತಿ ನೆಲಕ್ಕೆ ತಲುಪಬೇಕು, ಕಾಲು ಹಗ್ಗದಲ್ಲಿ ಸಿಕ್ಕಬಾರದು, ಅಷ್ಟು ಉದ್ದ. ಮರಕ್ಕೆ ಬರಿಯ ಹಗ್ಗ ಸುತ್ತದೆ ಅಗಲದ ಪಟ್ಟಿ ಹಾಕಬೇಕು, ಇಲ್ಲವಾದರೆ ತೊಗಟೆ ಸುತ್ತಲೂ ಕೊಯ್ದು ಮರ ಸಾಯುತ್ತದೆ. ಮರಕ್ಕೇ ನೇರವಾಗಿ ರಾತ್ರಿಯಿಡೀ ಕಟ್ಟಿದರೆ ಕುದುರೆ ಬೇರು ಕಾಣುವಂತೆ ನೆಲ ಕೆರೆಯುತ್ತದೆ. ಹೈಲೈನ್ ಹೊಳೆ ಕೆರೆಗಳಿಂದ 60 ಮೀಟರ್‌ಗಿಂತ ದೂರವಿರಲಿ, ಹೊರಡುವ ದಿನ ಲದ್ದಿ ಚದುರಿಸಿ, ಕೆರೆದ ಗುಂಡಿ ಮುಚ್ಚಿ.

ನೀವು ಗ್ರಿಜ್ಲಿ ಕರಡಿಗಳಿರುವ ಕಡೆ ಹೋಗುವವರಾದರೆ ಇದನ್ನೂ ಗಮನಿಸಿ: ಅಲ್ಲಿ ಆಹಾರ ಮತ್ತು ಮಾಂಸವನ್ನು ನೆಲದಿಂದ 3 ಮೀಟರ್ ಎತ್ತರದಲ್ಲಿ, ಕಾಂಡದಿಂದ 1.2 ಮೀಟರ್ ದೂರದಲ್ಲಿ ತೂಗುಹಾಕಬೇಕು ಅಥವಾ ಕರಡಿ ತೆರೆಯಲಾಗದ ಪೆಟ್ಟಿಗೆಯಲ್ಲಿಡಬೇಕು. ಕುದುರೆಯ ಗುಳಿಗೆ ಮೇವೂ ಈ ನಿಯಮದೊಳಗೇ ಬರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಕಟ್ಟಿದ ಕುದುರೆಗಳೆಲ್ಲ ಒಂದೇ ದಿಕ್ಕಿಗೆ ಕಿವಿ ನಿಮಿರಿಸಿ ನಿಂತರೆ ಟಾರ್ಚ್ ತೆಗೆದುಕೊಳ್ಳಿ.

ಪ್ರಶ್ನೆ: ನಮ್ಮ ಕುದುರೆ ರಕ್ತದ ವಾಸನೆಗೆ ಬೆದರುತ್ತದೆ. ಸತ್ತ ಎಲ್ಕ್‌ನ ಬಳಿಗೆ ಅದನ್ನು ಕರೆತರುವುದು ಹೇಗೆ?

ಬೆದರದ ಕುದುರೆ ಅಪರೂಪ. ಆ ಪಾಠ ಕಾಡಿನಲ್ಲಿ ಆರಂಭವಾಗಬಾರದು, ಬೇಸಗೆಯಲ್ಲೇ ಆಗಬೇಕು: ಯಾರಿಂದಲಾದರೂ ಒಂದು ಎಲ್ಕ್ ಚರ್ಮ ತಂದು ಲಾಯದ ಬೇಲಿಯ ಮೇಲೆ ಹಾಕಿ, ಮೇವಿನ ತೊಟ್ಟಿಯನ್ನು ದಿನದಿನಕ್ಕೆ ಅದರ ಹತ್ತಿರಕ್ಕೆ ಸರಿಸಿ, ಕೊನೆಗೆ ಅದೇ ಚರ್ಮವನ್ನು ತಡಿಯ ಮೇಲೆ ಕಟ್ಟಿ ನಡೆಸಿ.

ಬೇಟೆಯ ದಿನ ಕುದುರೆಗಳನ್ನು ದೂರದಲ್ಲೇ ಕಟ್ಟಿ, ಮೊದಲು ಮಾಂಸದ ಕೆಲಸ ಮುಗಿಸಿ. ಚರ್ಮ ಸುಲಿದು, ತೊಡೆ ಮತ್ತು ಭುಜಗಳನ್ನು ಬೇರ್ಪಡಿಸಿ, ಗಾಳಿಯಾಡುವ ಬಟ್ಟೆಯ ಚೀಲಗಳಲ್ಲಿ ನೆರಳಿಗೆ ತೂಗುಹಾಕಿ ಮೈಬಿಸಿ ಹೋಗಲು ಬಿಡಬೇಕು. ಬಿಸಿ ಮಾಂಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಪ್ಯಾನಿಯರ್‌ಗೆ ಇಳಿಸಿದರೆ ಮೂಳೆಯ ಸುತ್ತ ಹಳಸುತ್ತದೆ. ಬಳಿಕ ಕೈಯ ರಕ್ತ ತೊಳೆದು ಕುದುರೆಗಳ ಬಳಿ ಹೋಗಿ. ಮೊದಲು ಹಿಂಡಿನಲ್ಲೇ ಅನುಭವವಿರುವ ಪ್ರಾಣಿಯನ್ನು ತನ್ನಿ. ಅದು ಸುಮ್ಮನೆ ನಿಂತದ್ದನ್ನು ಕಂಡರೆ ಉಳಿದವುಗಳ ಭಯ ಅರ್ಧ ಇಳಿಯುತ್ತದೆ. ನಮ್ಮ ಶಿಬಿರದ ಕಂದು ಕುದುರೆಯೊಂದಕ್ಕೆ ಪ್ಯಾಕರ್ ಎರಡೂ ಮೂಗಿನ ಹೊಳ್ಳೆಯ ಅಂಚಿಗೆ ನೆಗಡಿಗೆ ಹಚ್ಚುವ ಮೆಂಥಾಲ್ ಮುಲಾಮು ಸವರಿ, ತನ್ನ ಜಾಕೆಟ್ಟನ್ನು ಕಣ್ಣಿಗೆ ಮುಚ್ಚಿ ಅದರ ತೋಳುಗಳನ್ನು ಗಲ್ಲದ ಕೆಳಗೆ ಗಂಟು ಹಾಕುತ್ತಿದ್ದ. ಕುದುರೆ ನಡುಗುತ್ತ ನಿಂತಿರುತ್ತಿತ್ತು, ಕಿವಿಗಳು ಮಾತ್ರ ಅವನ ಮಾತಿನ ಕಡೆ ತಿರುಗಿರುತ್ತಿದ್ದವು. ಅವನು ಹೇಳುತ್ತಿದ್ದದ್ದೇನೂ ಇಲ್ಲ, ನಿನ್ನೆಯ ಅಡುಗೆಯ ಉಪ್ಪಿನ ಬಗ್ಗೆ ಬೈಯುತ್ತಿದ್ದ, ಆದರೆ ಒಂದೇ ತಗ್ಗು ದನಿಯಲ್ಲಿ.

ಹೇರುವಾಗ ಇಬ್ಬರು ಬೇಕು: ಒಂದು ಬದಿಗೆ ತೊಡೆ ತೂಗುಹಾಕಿದವನು ಇನ್ನೊಂದು ಬದಿಯದು ಏರುವವರೆಗೆ ಅದರ ಭಾರವನ್ನು ಹೆಗಲಲ್ಲಿ ತಾಳಬೇಕು. ಮೂಳೆಸಹಿತ ಹಿಂದೊಡೆ ಒಂದೊಂದೂ 30 ಕಿಲೋದಾಚೆ ಇರುವುದರಿಂದ ಎರಡು ತೊಡೆ ಒಂದು ಪ್ರಾಣಿಗೆ ಸರಿಯಾಗುತ್ತದೆ. ಭುಜಗಳು, ಬೆನ್ನಿನ ಪಟ್ಟಿ, ಕತ್ತಿನ ಮಾಂಸ ಎರಡನೆಯದಕ್ಕೆ. ಕೊಂಬು ಕೊನೆಗೆ, ಎಲ್ಲಕ್ಕಿಂತ ಸಾಧು ಪ್ರಾಣಿಯ ಮೇಲೆ. ಮೊನೆಗಳು ಅದರ ಬೆನ್ನಿಗಾಗಲಿ ಪಕ್ಕೆಗಾಗಲಿ ತಾಗದಂತೆ ತಿರುಗಿಸಿ ಕಟ್ಟಿ, ತಾಗಬಹುದಾದವಕ್ಕೆ ಹಳೆಯ ರಬ್ಬರ್ ಕೊಳವೆಯ ತುಂಡು ತೊಡಿಸಿ. ಮರಗಳ ನಡುವೆ ಕೊಂಬು ಹೊತ್ತು ನಡೆಯುವ ಕಂದು ಪ್ರಾಣಿ ದೂರದ ಇನ್ನೊಬ್ಬ ಬೇಟೆಗಾರನಿಗೆ ಎಲ್ಕ್‌ನಂತೆಯೇ ಕಾಣುತ್ತದೆ. ಕೊಂಬಿಗೂ ಕುದುರೆಯ ಬಾಲಕ್ಕೂ ಹೊಳೆಯುವ ಕಿತ್ತಳೆ ಬಣ್ಣದ ಬಟ್ಟೆ ಕಟ್ಟಿ, ಗಂಟೆ ಬಿಚ್ಚದೆ ಹೊರಡಿ.